ನೆವೆಂಕಾಳ ಕೈ

ನಾವು ಹಳೆಯ ಕಾರ್ಖಾನೆಯ ಗೋದಾಮು ಬಿಚ್ಚುವ ಕೆಲಸ ಹಿಡಿದಂದಿನಿಂದ ಯೆರ್ಕಾ ಅತ್ತೆ ಬೆಳಗಾದರೆ ಗೇಟಿನ ಮುಂದೆ ಹಾಜರು. ತಲೆಗೆ ಕಪ್ಪು ವಸ್ತ್ರ, ಕಪ್ಪು ಲಂಗ, ಕಾಲಿಗೆ ತೀರಿಹೋದ ಗಂಡನ ದೊಡ್ಡ ಚಪ್ಪಲಿ. ತಂತಿಬೇಲಿಗೆ ನಾವು ‘ಕಲ್ನಾರು ಇದೆ, ಒಳಗೆ ಬರಬೇಡಿ’ ಎಂಬ ಫಲಕ ತೂಗುಹಾಕಿದ್ದೆವು. ಅವಳು ತನ್ನ ಕೈಚೀಲವನ್ನು ಆ ಫಲಕದ ಮೂಲೆಗೇ ಸಿಕ್ಕಿಸಿ, ಸಂತೆಗೆ ಬಂದವಳ ಹಾಗೆ ನಿಂತಿರುತ್ತಿದ್ದಳು.

“ರೋಕೊ, ನಿನ್ನ ಹುಡುಗಿ ಬಂದಿದ್ದಾಳೆ ನೋಡಪ್ಪ,” ಎಂದು ಝ್ವೊನೆ ಛೇಡಿಸುತ್ತಿದ್ದ. ಝ್ವೊನೆ ನನ್ನ ತಂಡದಲ್ಲಿ ಎಲ್ಲರಿಗಿಂತ ಹಳಬ. ಕೆಲಸ ಚೊಕ್ಕಟ, ನಾಲಿಗೆ ಮಾತ್ರ ಒಂದು ಮೊಳ ಉದ್ದ. ಮೇಸ್ತ್ರಿ ನಾನಾದ್ದರಿಂದ ಗೇಟಿಗೆ ಹೋಗಬೇಕಾದವನೂ ನಾನೇ.

“ಅತ್ತೆ, ಇಲ್ಲಿ ನಿಲ್ಲೋ ಹಾಗಿಲ್ಲ. ಮನೆಗೆ ಹೋಗು.”

“ನನ್ನ ಮಗಳ ಕೈ ಕೊಡು, ಹೋಗ್ತೀನಿ.”

“ಕೊಡೋಕೆ ಬರಲ್ಲ ಅಂತ ನಿನ್ನೇನೇ ಹೇಳಿದ್ನಲ್ಲ.”

“ನಿನ್ನೆ ಹೇಳಿದ್ದು ನಿನ್ನೆಗಾಯ್ತು. ಇವತ್ತಿಂದು ಹೇಳು.”

ಅವಳು ನನ್ನ ಸ್ವಂತ ಅತ್ತೆಯಲ್ಲ, ಪಕ್ಕದ ಮನೆಯವಳು. ನಮ್ಮಮ್ಮ ಶಿಬೆನಿಕ್ ಪೇಟೆಗೆ ಮೀನು ಮಾರಲು ಹೋದ ದಿನಗಳಲ್ಲಿ ನನಗೆ ಉಣ್ಣಲು ಇಟ್ಟವಳು. ಅವಳ ಒಬ್ಬಳೇ ಮಗಳು ನೆವೆಂಕಾ ನನ್ನ ಓರಗೆಯವಳು. ನೆವೆಂಕಾ ತೀರಿಕೊಂಡು ಕೆಲವು ವರ್ಷಗಳಾದವು. ಎದೆಯ ಪೊರೆಗೆ ಬರುವ ಕ್ಯಾನ್ಸರು ಅವಳನ್ನು ಕೊಂದಿತು. ಅದನ್ನು ಕೊಟ್ಟದ್ದು ಈ ಕಾರ್ಖಾನೆಯ ಧೂಳು. ಅವಳು ಒಂದು ದಿನವಾದರೂ ಕಾರ್ಖಾನೆಯಲ್ಲಿ ದುಡಿದವಳಲ್ಲ.

ನಮ್ಮೂರು ಗ್ರೆಬಿನ್‌ನಲ್ಲಿ ಗಂಡಸರಿಗೆ ಎರಡೇ ದಾರಿ ಇದ್ದವು. ಒಂದು ಸಮುದ್ರ, ಇನ್ನೊಂದು ಕಾರ್ಖಾನೆ. ಸಮುದ್ರ ಕೊಟ್ಟರೆ ಕೊಟ್ಟಿತು, ಇಲ್ಲವಾದರೆ ಇಲ್ಲ. ಕಾರ್ಖಾನೆಯ ಸಂಬಳ ಮಾತ್ರ ತಪ್ಪುತ್ತಿರಲಿಲ್ಲ. ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಸಿಮೆಂಟಿನೊಂದಿಗೆ ಕಲಸಿ ಚಾವಣಿಯ ಶೀಟು ಒತ್ತುವ ಕೆಲಸ. ಪಾಳಿ ಮುಗಿಸಿ ಬರುವವರು ಹುಬ್ಬಿನವರೆಗೂ ಬೂದು ಬಣ್ಣವಾಗಿರುತ್ತಿದ್ದರು. ಹಿಟ್ಟಿನ ಗಿರಣಿಯವರು ಬಂದರು ಎಂದು ಊರು ನಗುತ್ತಿತ್ತು. ಒಡೆದ ಶೀಟು, ಉಳಿದ ಪುಡಿ ಯಾರು ಬೇಕಾದರೂ ಒಯ್ಯಬಹುದಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಜಾತಿ ನಮ್ಮದು. ಅಂಗಳಕ್ಕೆ ಹಾಸಿದೆವು, ಕೋಳಿಗೂಡಿಗೆ ಹೊದಿಸಿದೆವು, ಅದರ ಮೇಲೆಯೇ ಮಕ್ಕಳನ್ನು ಆಡಲು ಬಿಟ್ಟೆವು. ಆಮೇಲೆ ಒಂದೊಂದೇ ಮನೆಯಲ್ಲಿ ಕೆಮ್ಮು ಶುರುವಾಯಿತು. ಆಗ ಯಾರೂ ನಗಲಿಲ್ಲ.

ಮೇ ಒಂದು ಅಂದಿನ ಸರ್ಕಾರಕ್ಕೆ ಕಾರ್ಮಿಕರ ಹಬ್ಬ, ನಮ್ಮ ಅಜ್ಜಿಯರಿಗೆ ಸಂತ ಜೋಸೆಫರ ಹಬ್ಬ. ಯಾರ ಹಬ್ಬವಾದರೇನು, ಅದರ ಹಿಂದಿನ ದಿನ ಕಾರ್ಖಾನೆಯ ಗೇಟು ಮಕ್ಕಳಿಗೆ ತೆರೆಯುತ್ತಿತ್ತು. ಮರುವರ್ಷ ಶಾಲೆ ಸೇರುವ ಮಗುವನ್ನು ಅಪ್ಪ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದ. ಯಂತ್ರದಿಂದ ಹೊರಬಂದ ಶೀಟು ಗಟ್ಟಿಯಾಗುವ ಮುಂಚೆ ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ಅದರಲ್ಲಿ ಒಂದು ಚೌಕ ಕತ್ತರಿಸಿ, ಮಗುವಿನ ಬಲಗೈಯನ್ನು ಒತ್ತಿ, ಕೆಳಗೆ ಮೊಳೆಯಿಂದ ಹೆಸರು ಗೀಚುತ್ತಿದ್ದರು. ಒಣಗಿದ ಮೇಲೆ ಆ ಹಲಗೆಯನ್ನು ಗೋದಾಮಿನ ಕೊನೆಯ ಗೋಡೆಗೆ ಬಡಿಯುವುದು. ಅಪ್ಪನ ಕೈ ಸೋತಾಗ ಈ ಕೈ ಕೆಲಸಕ್ಕೆ ಬರುತ್ತದೆ ಎಂದು ಅದರ ಅರ್ಥವಂತೆ. ಆ ವರ್ಷ ತಪ್ಪಿದರೆ ತಪ್ಪಿದಂತೆಯೇ. ಗೋಡೆಯ ಮೇಲೆ ಮಗುವಿನ ಕೈ ಇಲ್ಲದ ಅಪ್ಪನನ್ನು ಇಸ್ಪೀಟಿನ ಮೇಜಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. “ಇವನ ಮಗು ಇವನ ಮಾತು ಕೇಳಲ್ಲ, ಎಲೆ ಕೇಳ್ತವಾ?” ಎನ್ನುತ್ತಿದ್ದರು.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಈಗ ಆ ಗೋದಾಮನ್ನು ಹೊರಗಿನವರು ಕೊಂಡಿದ್ದಾರೆ. ಶ್ರೀಮಂತರ ವಿಹಾರದೋಣಿಗಳು ಚಳಿಗಾಲದಲ್ಲಿ ಬೆಚ್ಚಗೆ ಮಲಗಲು ಅದನ್ನು ಹೊಸದು ಮಾಡುತ್ತಾರಂತೆ. ಅದಕ್ಕೆ ಮುಂಚೆ ಚಾವಣಿಯ ಶೀಟು, ಕೊಳವೆಗಳಿಗೆ ಸುತ್ತಿದ ಕಲ್ನಾರಿನ ಹೊದಿಕೆ, ಒಳಗೋಡೆಗಳು, ಸರಕು ಇಳಿಸುವ ಕಟ್ಟೆ ಎಲ್ಲವನ್ನೂ ತೆಗೆದು ಬರೀ ಕಬ್ಬಿಣದ ಚೌಕಟ್ಟು ಉಳಿಸಿಕೊಡುವುದು ನಮ್ಮ ಪಾಲಿನ ಕೆಲಸ. ಒಡೆಯುವ ಮಾತಿಲ್ಲ; ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಕೂಸನ್ನು ಇಳಿಸಿದಂತೆ ಒಂದೊಂದೇ ಶೀಟು ಇಳಿಸಬೇಕು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಾರಿಗೆ ಹಾಕಿದರೆ ಅದು ಗುಡ್ಡದ ಹಿಂದಿನ ಗುಂಡಿಗೆ ಹೋಗುತ್ತದೆ. ಕೈಗಳ ಗೋಡೆಯೂ ಕಲ್ನಾರೇ. ಅದಕ್ಕೂ ಅದೇ ಗುಂಡಿ.

“ಕೊಟ್ಬಿಡೋ,” ಎಂದು ಝ್ವೊನೆ ಒಮ್ಮೆ ಗುಟ್ಟಾಗಿ ಹೇಳಿದ. “ಒಂದು ಹಲಗೆ ಕಡಿಮೆ ಆದ್ರೆ ಗುಂಡಿ ಏನು ಅಳುತ್ತಾ?”

“ಇವಳಿಗೆ ಕೊಟ್ರೆ ನಾಳೆ ಊರಿಗೆ ಊರೇ ಬರುತ್ತೆ. ಯಾರಾದ್ರೂ ಗೋಡೆಗೆ ತೂಗುಹಾಕೋಕೆ ಅದಕ್ಕೆ ತೂತು ಕೊರೀತಾರೆ. ಮೊಮ್ಮಕ್ಕಳು ಪಕ್ಕದಲ್ಲಿ ನಿಂತು ನೋಡ್ತಿರ್ತವೆ.”

ಝ್ವೊನೆ ತಲೆಯಾಡಿಸಿ ನೀರಿನ ಪೈಪು ಎತ್ತಿಕೊಂಡ. ಅವನ ಅಣ್ಣನೂ ಆ ಧೂಳಿಗೇ ಹೋದವನು.

ಒಂದು ಬೆಳಿಗ್ಗೆ ಯೆರ್ಕಾ ಅತ್ತೆ ವರಸೆ ಬದಲಿಸಿದಳು. ಬೇಲಿಯ ತಂತಿಯೊಳಗೆ ಬೆರಳು ತೂರಿಸಿ ನನ್ನ ತೋಳು ಹಿಡಿದಳು.

“ಮನೆಗೆ ಕೊಡಬೇಡ ಬಿಡು. ನಿಮ್ಮ ಕಾನೂನು ನಿಮಗೆ. ಒಂದು ಸಲ ಹಿಡ್ಕೊಳ್ಳೋಕೆ ಬಿಡು ಮಗಾ.”

“ಹಿಡ್ಕೊಂಡು ಏನು ಮಾಡ್ತೀಯ ಅತ್ತೆ? ಅದು ಸಿಮೆಂಟು.”

“ಸಿಮೆಂಟು ಅಂತಾನೇ ಕೇಳ್ತಿರೋದು. ಸಿಮೆಂಟು ಎಳ್ಕೊಳ್ಳಲ್ಲ.”

ನನಗೆ ಅರ್ಥವಾಗಲಿಲ್ಲ. ಆಗ ಅವಳು ಹೇಳಿದಳು. ಮೂಗು ಒರೆಸಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ, ಮಾರುಕಟ್ಟೆಯ ಬೆಲೆ ಹೇಳುವಂತೆ ಹೇಳಿದಳು.

“ಝಾಗ್ರೆಬ್ ಆಸ್ಪತ್ರೇಲಿ ಒಂದು ದಿನ ಕೇಳಿದ್ಲು ಕಣೋ. ‘ಅಮ್ಮಾ, ಅಪ್ಪನ ಬಟ್ಟೆ ಕೊಡವುವಾಗ ನನ್ನನ್ನ ಯಾಕೆ ಪಕ್ಕದಲ್ಲೇ ನಿಲ್ಲಿಸ್ಕೊಳ್ತಿದ್ದೆ’ ಅಂತ. ಬಟ್ಟೆ ಸಿಕ್ಕಿಸೋ ಕ್ಲಿಪ್ಪಿನ ಬುಟ್ಟಿ ಹಿಡ್ಕೊಂಡು ನಿಂತಿರ್ತಿದ್ಲಲ್ಲ, ನಿಂಗೂ ನೆನಪಿರಬೇಕು. ನಾನು ಏನು ಹೇಳ್ಲಿ? ಬುಟ್ಟಿ ಹಿಡಿಯೋಕೆ ಬೇರೆ ಯಾರೂ ಇರ್ಲಿಲ್ಲ ಅಂತ ಹೇಳ್ಲಾ? ಬಾಯೇ ಬರ್ಲಿಲ್ಲ. ಕೈ ಹಿಡ್ಕೊಂಡೆ. ಎಳ್ಕೊಂಡ್ಬಿಟ್ಲು. ಹೊದಿಕೆ ಒಳಗೆ ಇಟ್ಕೊಂಡ್ಲು. ಅವತ್ತು ಸಾಯಂಕಾಲನೇ ಹೋದ್ಲು.”

ನಾನು ಬೇಲಿಯ ಈಚೆ ನಿಂತಿದ್ದೆ. ಬಿಸಿ ತುಪ್ಪದಂಥ ಮಾತು ಬಾಯಲ್ಲಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಏಕೆಂದರೆ ಆ ಗೋಡೆಯ ಮೇಲೆ ‘ನೆವೆಂಕಾ’ ಎಂದು ಬರೆದಿರುವ ಹಲಗೆಯಲ್ಲಿರುವುದು ನೆವೆಂಕಾಳ ಕೈಯಲ್ಲ. ನನ್ನದು.

ನಾವಿಬ್ಬರೂ ಒಂದೇ ದಿನ ಹೋಗಿದ್ದೆವು. ನನ್ನಪ್ಪ ನನ್ನ ಕೈ ಒತ್ತಿಸಿದ, ನಾನು ಹೆಮ್ಮೆಯಿಂದ ಬೀಗಿದೆ. ಆಮೇಲೆ ಫ್ರಾನೆ ಮಾವ, ಅಂದರೆ ಯೆರ್ಕಾ ಅತ್ತೆಯ ಗಂಡ, ನೆವೆಂಕಾಳನ್ನು ಎತ್ತಿ ಹಲಗೆಯ ಮುಂದೆ ನಿಲ್ಲಿಸಿದ. ಯಂತ್ರದ ಸದ್ದಿಗೆ ಹುಡುಗಿ ನಡುಗುತ್ತಿದ್ದಳು. ಹಸಿ ಸಿಮೆಂಟಿನ ತಂಪು ತಾಗಿದ್ದೇ ತಡ, ಕೈ ಎಳೆದುಕೊಂಡು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು. ಮತ್ತೆ ಹಿಡಿದರೆ ಮತ್ತೆ ಎಳೆದುಕೊಂಡಳು. ಅವಳು ಹುಟ್ಟಿದಾಗಿನಿಂದ ಹಾಗೆಯೇ. ನಾಯಿಗೆ ಹೆದರಿದರೂ, ಶಾಲೆಗೆ ಬಂದ ಡಾಕ್ಟರಿಗೆ ಹೆದರಿದರೂ, ದೊಡ್ಡವಳಾದ ಮೇಲೆ ಕುಣಿಯಲು ಕರೆದ ಹುಡುಗನಿಗೆ ಹೆದರಿದರೂ ಮೊದಲು ಕೈ ಒಳಗೆ ಹೋಗುತ್ತಿತ್ತು. ಅಮ್ಮ ಪಕ್ಕದಲ್ಲಿದ್ದರೆ ಮಾತ್ರ ಅವಳಿಗೆ ಹೆದರಿಕೆಯೇ ಇರಲಿಲ್ಲ, ಹಾಗಾಗಿ ಯೆರ್ಕಾ ಅತ್ತೆ ಅದನ್ನು ಕಂಡವಳಲ್ಲ. ಸುತ್ತ ನಿಂತವರು ನಗತೊಡಗಿದರು. “ಫ್ರಾನೆ, ಇವತ್ತಿನಿಂದ ನಿಂಗೆ ಇಸ್ಪೀಟಿನ ಎಲೆ ಹಾಕಲ್ಲ ಕಣೋ,” ಎಂದರು. ಫ್ರಾನೆ ಮಾವನ ಕಿವಿ ಕೆಂಪಾಯಿತು. ನಗುವವರು ಊಟಕ್ಕೆ ಹೋಗುವವರೆಗೂ ಕಾದು, ನನ್ನ ಮಣಿಕಟ್ಟು ಹಿಡಿದು, ತನ್ನ ಮಗಳ ಹಲಗೆಗೆ ನನ್ನ ಕೈ ಒತ್ತಿದ. ಇಬ್ಬರಿಗೂ ಒಂದೊಂದು ಚಾಕೊಲೇಟು ಕೊಟ್ಟ. “ಯೆರ್ಕಾಗೆ ಹೇಳಿದ್ರೆ ಇಬ್ಬರ ಕಿವೀನೂ ಹಿಂಡ್ತೀನಿ,” ಎಂದ.

ಯಾರೂ ಹೇಳಲಿಲ್ಲ. ಫ್ರಾನೆ ಮಾವ ಹೇಳದೆಯೇ ಸತ್ತ. ತನ್ನ ಅಮ್ಮ ಆ ಹಲಗೆಯ ವಿಷಯ ಊರೆಲ್ಲ ಹೇಳಿಕೊಂಡು ಓಡಾಡುವುದನ್ನು ನೋಡಿ ನೆವೆಂಕಾಗೂ ಬಾಯಿ ಬರಲಿಲ್ಲ. ದೊಡ್ಡವಳಾದ ಮೇಲೆ ನನ್ನೆದುರು ಮಾತ್ರ ನಗುತ್ತಿದ್ದಳು. “ನನ್ನ ಕೈ ನೀನು ಇಟ್ಕೊಂಡಿದ್ದೀಯ, ವಾಪಸ್ ಕೊಡೋ,” ಎನ್ನುತ್ತಿದ್ದಳು.

ಈಗ ಬೇಲಿಯಾಚೆ ನಿಂತಿದ್ದ ಮುದುಕಿಗೆ ಹೇಳಬಹುದಿತ್ತು: ಅತ್ತೆ, ಅವಳು ಕೋಪಕ್ಕೆ ಕೈ ಎಳೆದುಕೊಂಡದ್ದಲ್ಲ, ಹೆದರಿದಾಗ ಅವಳು ಹಾಗೆಯೇ ಮಾಡುತ್ತಿದ್ದಳು, ಕಾರ್ಖಾನೆಯಲ್ಲೂ ಹಾಗೆಯೇ ಮಾಡಿದಳು. ಆದರೆ ಈ ಮಾತು ಕೊಟ್ಟರೆ ಆ ಕೈ ಕಸಿದುಕೊಂಡಂತೆ. ಕೈ ಉಳಿಸಿದರೆ ಮಾತು ಹೇಳುವಂತಿಲ್ಲ. ಸುಳ್ಳು ಹೇಳಿದವನು ಸತ್ತು ಹಾಯಾಗಿದ್ದಾನೆ, ಸುಳ್ಳನ್ನು ಸಾಕುವ ಕೆಲಸ ನನ್ನ ತಲೆಗೆ ಕಟ್ಟಿ ಹೋಗಿದ್ದಾನೆ ಎಂದು ಫ್ರಾನೆ ಮಾವನ ಮೇಲೆ ನನಗೆ ಸಿಟ್ಟು ಬಂತು.

“ಶನಿವಾರ ಬಾ,” ಎಂದೆ. “ಹತ್ತು ಗಂಟೆ ತಿಂಡಿಗೆ ಎಲ್ಲರೂ ಹೊರಗೆ ಹೋಗ್ತಾರೆ. ಆಗ ಬಾ.”

ಮಾಡಿದ್ದು ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಗಾಳಿಯಲ್ಲಿನ ಧೂಳು ಅಳೆಯಲು ಬರುವ ಅಧಿಕಾರಿ ಶನಿವಾರ ಬರುವುದಿಲ್ಲ ಎಂದೂ ಗೊತ್ತಿತ್ತು.

ಶನಿವಾರ ಹುಡುಗರು ಬ್ರೆಡ್ಡು, ಉಪ್ಪು ಹಾಕಿದ ಮೀನು, ನೀರು ಬೆರೆಸಿದ ವೈನು ಹಿಡಿದು ಸಮುದ್ರದ ಕಡೆ ಹೋದರು. ಝ್ವೊನೆ ಉಳಿದ. ತೊಳೆಯುವ ಕೋಣೆಯ ಹೊರಗೆ ಯೆರ್ಕಾ ಅತ್ತೆಗೆ ಬಿಳಿ ರಕ್ಷಾ ಉಡುಪು ತೊಡಿಸಿದವನು ಅವನೇ. ಅವಳ ಲಂಗ ಒಳಗೆ ತುರುಕಿ, ಕೈಗವಸಿನ ಅಂಚಿಗೆ ಅಂಟುಪಟ್ಟಿ ಸುತ್ತಿ, ಮುಖಕ್ಕೆ ಮಾಸ್ಕು ಬಿಗಿದ.

“ಅತ್ತೆ, ಮದುಮಗಳ ಹಾಗೆ ಕಾಣ್ತಿದ್ದೀಯ.”

“ಮದುವೇಲೂ ಇಷ್ಟು ಬಿಳಿ ಹಾಕಿರ್ಲಿಲ್ಲ ಕಣೋ. ಬಾಡಿಗೆ ಲಂಗ ಅದು, ಕಾಫಿ ಕಲೆ ಇತ್ತು.”

“ಒಳಗೆ ಯಾವ ಕಾರಣಕ್ಕೂ ಮಾಸ್ಕು ತೆಗೀಬೇಡ,” ಎಂದೆ ನಾನು. “ಕೊಳವೆಗಳ ಹೊದಿಕೆ ಬಿಚ್ಚಿದ್ದೀವಿ. ಗಾಳಿ ಕೆಟ್ಟಿದೆ.”

“ಆಯ್ತಪ್ಪ ಮೇಸ್ತ್ರಿ.”

ಒಳಗೆ ಗೋಡೆಯಿಂದ ಗೋಡೆಗೆ ಪ್ಲಾಸ್ಟಿಕ್ ಕಟ್ಟಿದ್ದೆವು. ಗಾಳಿ ಹೀರುವ ಯಂತ್ರ ಒಂದೇ ಸಮನೆ ಮೊರೆಯುತ್ತಿತ್ತು. ಹಲಗೆಗಳನ್ನು ಆಗಲೇ ಇಳಿಸಿ, ಒದ್ದೆ ಮಾಡಿ, ನೆಲದ ಮೇಲೆ ಸಾಲಾಗಿ ಇಟ್ಟಿದ್ದೆವು. ನನ್ನ ಹೆಸರಿದ್ದ ಹಲಗೆಯನ್ನು ನಾನು ಬೆಳಿಗ್ಗೆ ಬಂದವನೇ ಸುತ್ತಿ ಲಾರಿಗೆ ಹಾಕಿಬಿಟ್ಟಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಕೈಯೆಂದು ಕುರುಡರಿಗೂ ತಿಳಿಯುತ್ತಿತ್ತು. ನೆವೆಂಕಾಳ ಹಲಗೆಯನ್ನು ಮಾತ್ರ ಒಂದು ಅಡ್ಡಪಟ್ಟಿಯ ಮೇಲೆ ಒರಗಿಸಿ ನಿಲ್ಲಿಸಿದ್ದೆ.

ಯೆರ್ಕಾ ಅತ್ತೆ ಹತ್ತಿರ ಹೋದಳು. ಮೊದಲು ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಾನು ತಡೆಯುವ ಮುಂಚೆಯೇ ಅಂಟುಪಟ್ಟಿ ಕಿತ್ತು ಬಲಗೈಯ ಗವಸನ್ನು ಬಿಚ್ಚಿ ಎಸೆದಳು.

“ಅತ್ತೆ, ಗವಸು.”

“ನನಗೇನಾಗುತ್ತೋ ಈ ವಯಸ್ಸಲ್ಲಿ. ಇಷ್ಟು ವರ್ಷ ಇದನ್ನೇ ಉಸಿರಾಡಿದ್ದೀನಿ.”

ಅವಳು ಅಂಗೈಯನ್ನು ಹಲಗೆಯ ಮೇಲಿಟ್ಟಳು. ಮಗುವಿನ ಕೈ ಅವಳ ಕೈಯ ಕೆಳಗೆ ಪೂರ್ತಿ ಮುಚ್ಚಿಹೋಯಿತು. ನಾನು ತುಸು ದೂರ ಸರಿದೆ, ಆದರೆ ಯಂತ್ರದ ಮೊರೆತದ ನಡುವೆಯೂ, ಮಾಸ್ಕಿನ ಒಳಗಿಂದಲೂ ಅವಳ ಮಾತು ಕೇಳಿಸುತ್ತಿತ್ತು.

“ಬಂದಿದ್ದೀನಿ ಮಗಳೇ. ಅವತ್ತು ಉತ್ತರ ಹೇಳ್ಲಿಲ್ಲ ಅಲ್ವಾ, ಅದಕ್ಕೇ ಬಂದೆ. ನನಗೆ ಗೊತ್ತಿರ್ಲಿಲ್ಲ. ಮನೆ ಧೂಳು ಇರುತ್ತೆ, ಹಿಟ್ಟಿನ ಧೂಳು ಇರುತ್ತೆ, ಇದೂ ಅಂಥದ್ದೇ ಒಂದು ಧೂಳು ಅಂದ್ಕೊಂಡೆ. ನಿನ್ನ ತಲೆ ಮೇಲೆ ಕೊಡವಿದೆ. ನೀನು ಸೀನ್ತಿದ್ದೆ, ನಾನು ನಗ್ತಿದ್ದೆ. ಬುಟ್ಟಿ ಕೆಳಗಿಟ್ಟು ಆಟ ಆಡ್ಕೋ ಹೋಗು ಅಂತ ಒಂದು ದಿನ ಹೇಳಿದ್ರೂ ಸಾಕಿತ್ತು. ಹೇಳ್ಲಿಲ್ಲ. ನೀನು ಪಕ್ಕದಲ್ಲಿರೋದು ನನಗೆ ಇಷ್ಟ ಇತ್ತು, ಅದಕ್ಕೇ ಹೇಳ್ಲಿಲ್ಲ.”

ನನ್ನ ಬಲಗೈ ಗವಸಿನೊಳಗೆ ಬೆವರಿ ಒದ್ದೆಯಾಗಿತ್ತು. ಒಬ್ಬ ತಾಯಿ ತನ್ನ ಮಗಳಿಗೆಂದು ಹೇಳಿದ ಮಾತು ನನ್ನ ಕೈಗೆ ಬಂದು ಬೀಳುತ್ತಿತ್ತು. ಅದನ್ನು ಮಗಳಿಗೆ ತಲುಪಿಸುವ ದಾರಿ ನನಗೆ ಗೊತ್ತಿರಲಿಲ್ಲ. ಅಷ್ಟು ನೋವು ನನಗೆ ನನ್ನಪ್ಪ ಸತ್ತಾಗಲೂ ಆಗಿರಲಿಲ್ಲ.

“ನೋಡೋ ರೋಕೊ,” ಎಂದಳು. “ಹೇಗಿಟ್ಕೊಂಡಿದ್ದಾಳೆ ನೋಡು. ಎಳ್ಕೊಳ್ತಾನೇ ಇಲ್ಲ.”

“ಹೂಂ ಅತ್ತೆ. ಸಾಕು, ಹೊರಡೋಣ.”

“ಒಂದು ಮುತ್ತು ಕೊಡ್ತೀನಿ, ಆಮೇಲೆ ಹೊರಡೋಣ.”

ಅವಳ ಎಡಗೈ ಮಾಸ್ಕಿನ ಪಟ್ಟಿಗೆ ಹೋಯಿತು. ಬೇಡ ಎಂದು ಕೂಗಿದೆ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಒಂದು ಪಟ್ಟಿ ತಲೆಯ ಮೇಲಿಂದ ಆಗಲೇ ಜಾರಿತ್ತು. ಅವಳು ಹಲಗೆಗೆ ಮುಖ ತರುತ್ತಿದ್ದಳು. ಪುಡಿಯೆದ್ದ ಆ ಅಂಚಿಗೆ ಬಾಯಿ ತಾಗಿಸುವುದನ್ನು ನೋಡಿಕೊಂಡು ನಾನು ಹೇಗೆ ನಿಲ್ಲಲಿ? ಒಂದು ಕೈಯಲ್ಲಿ ಅವಳ ಮಾಸ್ಕು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಲಗೆಯನ್ನು ಅವಳ ಅಂಗೈಯ ಕೆಳಗಿಂದ ಎಳೆದೆ.

ಅವಳ ಉಗುರು ಸಿಮೆಂಟಿನ ಮೇಲೆ ಕೆರೆದ ಸದ್ದು ಯಂತ್ರದ ಮೊರೆತದಲ್ಲೂ ಕೇಳಿಸಿತು. ಅಂಗೈ ಗಾಳಿಯಲ್ಲಿ ಹಾಗೆಯೇ ಚಾಚಿಕೊಂಡಿತ್ತು. ಅವಳು ಆ ಕೈಯನ್ನು ನೋಡಿದಳು, ಹಲಗೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಆಸ್ಪತ್ರೆಯಲ್ಲಿ ಅವಳು ಹೇಗೆ ನಿಂತಿದ್ದಳೆಂದು ನಾನು ಕಣ್ಣಾರೆ ಕಂಡಂತಾಯಿತು.

ತೋಳು ಹಿಡಿದು ಅವಳನ್ನು ಹೊರಗೆ ತಂದೆ. ತೊಳೆಯುವ ಕೋಣೆಯಲ್ಲಿ ಉಡುಪಿನ ಮೇಲೆ ನೀರು ಬಿಟ್ಟು, ಬಿಚ್ಚಿ, ಚೀಲಕ್ಕೆ ಹಾಕಿದೆ. ನನ್ನ ಗವಸುಗಳನ್ನೂ ಅದಕ್ಕೇ ಹಾಕಿದೆ. ಝ್ವೊನೆ ಬಾಗಿಲಲ್ಲಿ ಇಣುಕಿ, ಏನೋ ತಮಾಷೆ ಹೇಳಲು ಬಾಯಿ ತೆರೆದವನು ನಮ್ಮ ಮುಖ ನೋಡಿ ಹಿಂದೆ ಸರಿದ. ಬರಿಗೈಯಲ್ಲಿ ಮುಟ್ಟಿದ್ದಳಲ್ಲ, ಆ ಕೈಯನ್ನು ಚೆನ್ನಾಗಿ ತೊಳೆಯಲೇಬೇಕಿತ್ತು. ಮರದ ಸ್ಟೂಲಿನ ಮೇಲೆ ಕೂರಿಸಿ, ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದೆ. ಉಗುರಿನಡಿ ಸಿಕ್ಕಿದ್ದ ಬೂದು ಪುಡಿಯನ್ನು ಬ್ರಷ್ಷಿನಿಂದ ತೆಗೆದೆ. ಅವಳು ಕೈಯನ್ನು ನನಗೆ ಒಪ್ಪಿಸಿ ಗೋಡೆ ನೋಡುತ್ತಿದ್ದಳು.

“ಒಂದು ಗಳಿಗೆ ಅವಳೇ ಎಳ್ಕೊಂಡ್ಲು ಅನ್ನಿಸ್ತು ಕಣೋ,” ಎಂದಳು ಕೊನೆಗೆ.

ಈಗಲಾದರೂ ಹೇಳಿಬಿಡೋಣ ಎನ್ನಿಸಿತು. ಅವಳಿಗೆ ನಿನ್ನ ಮೇಲೆ ಕೋಪವಿರಲಿಲ್ಲ, ಸಾವಿಗೆ ಹೆದರಿದ್ದಳು, ಅವಳ ಕೈಯ ಸ್ವಭಾವವೇ ಅದು ಎಂದು ಹೇಳಿದ್ದರೆ ಮುದುಕಿಯ ಎದೆಯೊಳಗಿನ ಮುಳ್ಳು ಬರುತ್ತಿತ್ತೇನೋ. ಆದರೆ ಹಾಗಿದ್ದವಳು ಕಾರ್ಖಾನೆಯಲ್ಲಿ ಕೈ ಹೇಗೆ ಒತ್ತಿದಳು ಎಂದು ಅವಳು ಕೇಳೇ ಕೇಳುತ್ತಾಳೆ. ಆಗ ಹಲಗೆಯ ಕಥೆ ಹೊರಬರುತ್ತದೆ. ಅಷ್ಟು ಹೊತ್ತು ಅಲ್ಲಿ ನಿಂತು ಹೇಳಿದ್ದೆಲ್ಲ ಪಕ್ಕದ ಮನೆಯ ಹುಡುಗನ ಕೈಗೆ ಹೇಳಿದ್ದು ಎಂದು ಗೊತ್ತಾದರೆ, ಮತ್ತೊಮ್ಮೆ ಹೇಳಲು ಅವಳಿಗೆ ಯಾವ ಕೈ ಉಳಿಯುತ್ತದೆ? ಔಷಧಿ ನನ್ನ ಬಾಯೊಳಗೇ ಇತ್ತು, ಕೊಡಲಾಗಲಿಲ್ಲ.

“ಅವಳಲ್ಲ ಅಲ್ವೇನೋ?” ಎಂದು ಕೇಳಿದಳು.

“ಅವಳಲ್ಲ ಅತ್ತೆ,” ಎಂದೆ. “ಎಳ್ಕೊಂಡಿದ್ದು ನಾನು.”

“ಹಾಗಾದ್ರೆ ಸರಿ.”

ಅವಳು ನನ್ನ ಬಲಗೈಯನ್ನು ಪಕ್ಕಕ್ಕೆ ಸರಿಸಿ, ಒರೆಸಿಕೊಳ್ಳಲು ಟವೆಲು ಕೇಳಿದಳು.